ಕೈ ತೊಳೆಯುವವಳ ಬಳಿ ನಿಂತವಳು

ಹನ್ನೆರಡು ವರ್ಷದ ಹಿಂದೆ ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ನಾನು ‘ಅಳಿಸದ ಕಲೆ’ ಎಂಬ ಲೇಖನವೊಂದನ್ನು ಬರೆದಿದ್ದೆ. ವಿಷಯ, ಷೇಕ್ಸ್‌ಪಿಯರ್ ಮಹಾಕವಿಯ ‘ಮ್ಯಾಕ್‌ಬೆತ್’ ನಾಟಕದ ಐದನೆಯ ಅಂಕದ ಮೊದಲ ದೃಶ್ಯ. ಅರಸಿ ನಿದ್ದೆಯಲ್ಲೇ ಎದ್ದು ನಡೆದುಬಂದು ಇಲ್ಲದ ರಕ್ತವನ್ನು ತೊಳೆಯುತ್ತ ನಿಲ್ಲುವ ಆ ಪ್ರಸಿದ್ಧ ಸನ್ನಿವೇಶ. ತೊಳೆಯುವ ಕೈ ಪಾಪ ಮಾಡಿದ ಕೈಯೇ ಆಗಿರಬೇಕು, ಮನಸ್ಸು ಬಚ್ಚಿಟ್ಟದ್ದನ್ನು ಕೈ ಬಯಲುಮಾಡುತ್ತದೆ ಎಂಬುದು ಲೇಖನದ ಸಾರ. ಕನ್ನಡದ ಮೇಷ್ಟರು ಇಂಗ್ಲಿಷ್ ನಾಟಕದ ಮೇಲೆ ಬರೆದರೆಂದು ಇಂಗ್ಲಿಷ್ ವಿಭಾಗದವರು ಹುಬ್ಬೇರಿಸಿದರು. ಪ್ರಿನ್ಸಿಪಾಲರು ಬೆನ್ನು ತಟ್ಟಿದರು. ನಾನೂ ಬೀಗಿದೆ. ಸಂಚಿಕೆಯ ಒಂದು ಪ್ರತಿಯನ್ನು ಮನೆಗೆ ತಂದು ಹಜಾರದ ಮೇಜಿನ ಮೇಲೆ ಎಲ್ಲರ ಕಣ್ಣಿಗೂ ಬೀಳುವಂತೆ ಇಟ್ಟೆ.

ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದವಳು ನನ್ನ ಅಕ್ಕ.

ಅಕ್ಕನಿಗೆ ಆ ವೇಳೆಗಾಗಲೇ ನಾಲ್ಕು ವರ್ಷದಿಂದ ಕೈ ತೊಳೆಯುವ ಕಾಯಿಲೆ. ಕಾಯಿಲೆ ಎಂದು ನಾವು ಯಾರೂ ಅಂದಿರಲಿಲ್ಲ. ‘ಅವಳಿಗೆ ಮಡಿ ಜಾಸ್ತಿ’ ಎನ್ನುತ್ತಿದ್ದೆವು. ಕೈ ತೊಳೆದ ಮೇಲೆ ನಲ್ಲಿಯನ್ನು ನಿಲ್ಲಿಸಬೇಕಷ್ಟೆ. ನಿಲ್ಲಿಸಲು ನಲ್ಲಿಯನ್ನು ಮುಟ್ಟಬೇಕು. ಮುಟ್ಟಿದರೆ ಕೈ ಮತ್ತೆ ಮೈಲಿಗೆ. ಈ ಸುಳಿಯಿಂದ ಅವಳು ಹೊರಗೆ ಬರಲು ಒಂದೊಂದು ದಿನ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಕಡೆಗೆ ಯಾರಾದರೂ ಹೋಗಿ ನಲ್ಲಿ ನಿಲ್ಲಿಸಬೇಕು. ಆ ಕೆಲಸ ನಮ್ಮ ತಾಯಿಯದು. ಬೆರಳ ಸಂದುಗಳೆಲ್ಲ ಬಿರಿದು ಉಪ್ಪಿನಕಾಯಿ ಮುಟ್ಟಿದರೆ ಉರಿಯುತ್ತಿದ್ದವು. ಅಂಥ ಕೈಯಲ್ಲಿ ಸಂಚಿಕೆಯನ್ನು ಹಿಡಿದುಕೊಂಡು ಬಂದು ಅವಳು ಕೇಳಿದಳು: “ಹಾಗಾದರೆ ನಾನೇನು ತಪ್ಪು ಮಾಡಿದ್ದೀನೋ?”

“ಏನೂ ಇಲ್ಲ, ಸುಮ್ಮನಿರಕ್ಕ” ಎಂದೆ.

ಮರುದಿನ ಮತ್ತೆ ಕೇಳಿದಳು. ನಾನು ಮತ್ತೆ ಇಲ್ಲವೆಂದೆ. ವಾರ ಕಳೆಯುವುದರೊಳಗೆ ಆ ಪ್ರಶ್ನೆ ಅವಳ ಕಾಯಿಲೆಯ ಒಂದು ಅಂಗವೇ ಆಯಿತು. ಕೈ ತೊಳೆದು ಬಂದೊಡನೆ ಬಾಗಿಲಲ್ಲಿ ನಿಂತು ಕೇಳುವಳು. ಇಲ್ಲವೆಂದರೆ ಒಂದು ಗಳಿಗೆ ಮುಖ ತಿಳಿಯಾಗುವುದು, ಮತ್ತೆ ಮೋಡ ಕವಿಯುವುದು. ದಿನಕ್ಕೆ ಇಪ್ಪತ್ತು ಸಲವಾದರೂ ನಾನು ಇಲ್ಲವೆಂದಿದ್ದೇನೆ. ಹೀಗೆ ಹೇಳುವುದು ಪ್ರೀತಿಯೆಂದೇ ತಿಳಿದಿದ್ದೆ.

ಹಳೆಯ ಲೇಖನಕ್ಕೆ ಇವರು ಈಗ ದಂಡ ತೆರುತ್ತಿದ್ದಾರೆ ಎಂದು ವಾಚಕರು ಭಾವಿಸಿದರೆ ನನ್ನ ಆಕ್ಷೇಪಣೆಯಿಲ್ಲ. ಆದರೆ ಇಲ್ಲಿ ನಾನು ಹೇಳಹೊರಟಿರುವುದು ಸಾಹಿತ್ಯದ ಮಾತನ್ನೇ. ಆ ದೃಶ್ಯವನ್ನು ನಾನೊಬ್ಬನೇ ಅಲ್ಲ, ನಮ್ಮಲ್ಲಿ ಅನೇಕರು ತಪ್ಪಾಗಿ ಓದಿದ್ದೇವೆ; ನೋಡಬೇಕಾದವರನ್ನು ಬಿಟ್ಟು ಬೇರೆ ಕಡೆ ನೋಡಿದ್ದೇವೆ.

ಮೊದಲು ಒಂದು ತೊಡಕನ್ನು ಬಿಡಿಸಿಕೊಳ್ಳೋಣ. ಮ್ಯಾಕ್‌ಬೆತ್ತನ ಅರಸಿಗೆ ಇರುವುದು ನನ್ನ ಅಕ್ಕನಿಗಿದ್ದ ಕಾಯಿಲೆಯಲ್ಲ. ಅವಳು ನಿಜವಾಗಿಯೂ ಕೊಲೆಯಲ್ಲಿ ಪಾಲುಗಾರ್ತಿ. ಡಂಕನ್ ದೊರೆಯ ರಕ್ತ ಅವಳ ಕೈಗೆ ನಿಜವಾಗಿಯೂ ಅಂಟಿತ್ತು. ಅವಳು ತೊಳೆಯುವುದು ನಿದ್ದೆಯಲ್ಲಿ. ಈ ಕಾಯಿಲೆಯವರು ತೊಳೆಯುವುದು ಪೂರ್ಣ ಎಚ್ಚರದಲ್ಲಿ. ತಾವು ಮಾಡುತ್ತಿರುವುದು ಅತಿಯೆಂದು ಅವರಲ್ಲಿ ಬಹುಮಂದಿಗೆ ತಿಳಿದಿರುತ್ತದೆ. ತಿಳಿದೂ ಬಿಡಲಾಗದು, ಅದೇ ಅವರ ಸಂಕಟ. ಅವರು ಯಾರನ್ನೂ ಕೊಂದವರಲ್ಲ. ನೂರು ಜನರಲ್ಲಿ ಒಬ್ಬಿಬ್ಬರಿಗೆ ಜೀವಮಾನದಲ್ಲಿ ಎಂದಾದರೊಮ್ಮೆ ಬರಬಹುದಾದ ಕಾಯಿಲೆಯಿದು. ಅಷ್ಟು ಜನರ ಕೈಯ ಹಿಂದೆಲ್ಲ ಒಂದೊಂದು ಕೊಲೆಯನ್ನು ಹುಡುಕುತ್ತ ಹೋಗುವುದು ವಿಮರ್ಶೆಯಾಗಲಾರದು, ಪೋಲೀಸು ಕೆಲಸವಾದೀತು. 2006ರಲ್ಲಿ ಉತ್ತರ ಅಮೆರಿಕದ ಕೆಲವರು ಪಾಪದ ನೆನಪು ಬಂದ ಮನುಷ್ಯ ಕೈ ತೊಳೆಯಬಯಸುತ್ತಾನೆಂದು ಪ್ರಯೋಗ ನಡೆಸಿ, ಅದಕ್ಕೆ ‘ಮ್ಯಾಕ್‌ಬೆತ್ ಪರಿಣಾಮ’ ಎಂದು ಹೆಸರನ್ನೂ ಇಟ್ಟರು. ಬೇರೆಯವರು ಮುಂದೆ ಅದೇ ಪ್ರಯೋಗವನ್ನು ಮಾಡಿ ನೋಡಿದಾಗ ಅದೇ ಫಲ ಕಾಣಿಸಲಿಲ್ಲ. ಹೆಸರು ಮಾತ್ರ ಉಳಿದುಕೊಂಡಿದೆ. ಮಹಾಕವಿಯ ಒಂದು ಚಿತ್ರ ಎಷ್ಟು ಬಲವಾಗಿರಬಹುದೆಂದರೆ, ಅದರಿಂದ ತಪ್ಪಿಸಿಕೊಳ್ಳುವುದು ವಿಜ್ಞಾನಕ್ಕೂ ಕಷ್ಟ.

ಈ ತೊಡಕನ್ನು ಬಿಡಿಸಿಕೊಂಡು ಅದೇ ದೃಶ್ಯಕ್ಕೆ ಮರಳಿ ಬಂದರೆ, ಅಲ್ಲಿ ಇನ್ನೊಬ್ಬಳಿದ್ದಾಳೆ. ಕವಿ ಅವಳಿಗೆ ಹೆಸರಿಟ್ಟಿಲ್ಲ. ಅರಸಿಯ ಬಳಿಯಿರುವ ಪರಿಚಾರಿಕೆ, ಒಳ್ಳೆಯ ಮನೆತನದ ಹೆಂಗಸು, ಅಷ್ಟೆ. ನಾಟಕದಲ್ಲಿ ಅವಳು ಮಾತಾಡುವುದು ಇದೊಂದೇ ದೃಶ್ಯದಲ್ಲಿ. ನಾಟಕ ಆಡುವವರು ಈ ಪಾತ್ರವನ್ನು ಹೊಸಬರಿಗೆ ಕೊಡುತ್ತಾರೆ. ಪಾಠ ಹೇಳುವ ನಾವು ಅವಳನ್ನು ಹಾರಿಸಿ ಮುಂದೆ ಹೋಗುತ್ತೇವೆ. ಡಿ.ವಿ.ಜಿ.ಯವರ ಕನ್ನಡ ‘ಮ್ಯಾಕ್‌ಬೆತ್’ ನನ್ನ ಮೇಜಿನ ಮೇಲೆ ಎಷ್ಟೋ ವರ್ಷ ಇತ್ತು. ಅದರಲ್ಲಿ ಅರಸಿಯ ಮಾತಿನ ಕೆಳಗೆಲ್ಲ ಗೆರೆ ಎಳೆದಿದ್ದೇನೆ, ಇವಳ ಮಾತಿನ ಕೆಳಗೆ ಒಂದೂ ಇಲ್ಲ.

ಇವಳು ಏನು ಮಾಡಿದ್ದಾಳೆ ನೋಡಿ. ದೊರೆ ದಂಡಿಗೆ ಹೊರಟಂದಿನಿಂದ ರಾತ್ರಿಯೆಲ್ಲ ಕಾದಿದ್ದಾಳೆ. ವೈದ್ಯ ಬಂದು ಎರಡು ರಾತ್ರಿ ಕುಳಿತು ಏನೂ ಕಾಣದೆ ಇವಳ ಮಾತನ್ನೇ ಶಂಕಿಸತೊಡಗಿದಾಗ, ತಾನು ಕಂಡದ್ದನ್ನು ಕ್ರಮವಾಗಿ ಹೇಳುತ್ತಾಳೆ: ಅರಸಿ ಹಾಸಿಗೆಯಿಂದ ಏಳುವುದು, ಮೇಲಂಗಿ ಹೊದೆಯುವುದು, ಪೆಟ್ಟಿಗೆಯ ಬೀಗ ತೆಗೆಯುವುದು, ಕಾಗದವನ್ನು ಮಡಿಸಿ, ಬರೆದು, ಓದಿ, ಮೊಹರು ಮಾಡಿ ಮತ್ತೆ ಮಲಗುವುದು. ಒಂದು ಊಹೆಯಿಲ್ಲ, ಒಂದು ವ್ಯಾಖ್ಯಾನವಿಲ್ಲ. ಅರಸಿ ಆಗ ಏನು ಮಾತಾಡಿದಳೆಂದು ವೈದ್ಯ ಕೇಳಿದರೆ, ಅದನ್ನು ಹೇಳುವುದಿಲ್ಲವೆಂದುಬಿಡುತ್ತಾಳೆ; ಸಾಕ್ಷಿಯಿಲ್ಲದ ಮಾತನ್ನು ವೈದ್ಯನಿಗೂ ಹೇಳಳು. ಇದನ್ನು ನಾನು ಹಿಂದೆ ಆಸ್ಥಾನದ ಭಯವೆಂದು ವಿವರಿಸುತ್ತಿದ್ದೆ. ಭಯ ಇದ್ದೀತು. ಆದರೆ ಕಂಡ ಕ್ರಿಯೆಯನ್ನು ತಿಳಿಸಬೇಕು, ಕೇಳಿದ ಗುಟ್ಟನ್ನು ಕಾಯಬೇಕು ಎಂಬ ಈ ಭೇದವನ್ನು ಒಳ್ಳೆಯ ದಾದಿಯರು ಇಂದಿಗೂ ಪಾಲಿಸುತ್ತಾರೆ. ಅರಸಿ ಕೈ ಉಜ್ಜಿಕೊಳ್ಳತೊಡಗಿದಾಗ ವೈದ್ಯ ಬೆರಗಾಗುತ್ತಾನೆ. ಇವಳು ಬೆರಗಾಗುವುದಿಲ್ಲ, ಇದು ಅಭ್ಯಾಸವಾಗಿಬಿಟ್ಟಿದೆ, ಕಾಲು ಗಂಟೆಯವರೆಗೂ ಹೀಗೆಯೇ ಮಾಡಿದ್ದುಂಟು ಎನ್ನುತ್ತಾಳೆ. ಆ ‘ಕಾಲು ಗಂಟೆ’ಯ ಬೆಲೆ ನನಗೆ ತಿಳಿದದ್ದು ಬಹಳ ತಡವಾಗಿ, ಆಸ್ಪತ್ರೆಯ ವಾರ್ಡಿನಲ್ಲಿ ಒಬ್ಬ ಸಿಸ್ಟರ್ ಕೈಗಡಿಯಾರ ನೋಡಿ ಅಕ್ಕನ ಪುಸ್ತಕದಲ್ಲಿ ‘22 ನಿಮಿಷ’ ಎಂದು ಬರೆದುಕೊಂಡಾಗ.

ವೈದ್ಯನೂ ಟಿಪ್ಪಣಿ ಮಾಡಿಕೊಳ್ಳುತ್ತಾನೆ, ನಿಜ. ಆದರೆ ಅವನು ಬರೆದುಕೊಳ್ಳುವುದು ಅರಸಿಯ ಮಾತನ್ನು. ಗುಟ್ಟಿನ ವಾಸನೆ ಅವನಿಗೆ ಹತ್ತಿದೆ. ಕಡೆಗೆ ಇದು ತನ್ನ ವಿದ್ಯೆಗೆ ಮೀರಿದ್ದು, ಇವಳಿಗೆ ವೈದ್ಯನಿಗಿಂತ ಪಾದ್ರಿಯೇ ಬೇಕೆಂದು ಕೈಚೆಲ್ಲುತ್ತಾನೆ. ಮುಂದಿನ ಒಂದು ದೃಶ್ಯದಲ್ಲಿ ದೊರೆ ಗದರಿಸಿ ಕೇಳಿದರೂ, ಇಂಥ ರೋಗಕ್ಕೆ ರೋಗಿಯೇ ಚಿಕಿತ್ಸೆ ಮಾಡಿಕೊಳ್ಳಬೇಕೆಂದು ಜಾರಿಕೊಳ್ಳುತ್ತಾನೆ. ಅವನು ಹೇಳಿದ ಒಂದೇ ಒಂದು ಉಪಯುಕ್ತ ಮಾತು ಪರಿಚಾರಿಕೆಗೆ ಕೊಟ್ಟ ಅಪ್ಪಣೆ: ಅವಳು ತನಗೆ ಕೇಡು ಮಾಡಿಕೊಳ್ಳಬಹುದಾದ ವಸ್ತುಗಳನ್ನೆಲ್ಲ ದೂರವಿಡು, ಅವಳ ಮೇಲೆ ಸದಾ ಕಣ್ಣಿಡು. ಅಲ್ಲಿಂದ ಮುಂದೆ ಪರಿಚಾರಿಕೆಯ ಸುದ್ದಿಯಿಲ್ಲ. ಹೆಂಗಸರ ಕೂಗೊಂದು ಒಳಗಿನಿಂದ ಕೇಳುತ್ತದೆ, ಅರಸಿ ಸತ್ತಳೆಂದು ತಿಳಿಯುತ್ತದೆ. ಆ ಕೂಗಿನಲ್ಲಿ ಇವಳ ದನಿಯೂ ಇತ್ತೇ? ಕವಿ ಹೇಳುವುದಿಲ್ಲ. ಅವನ ಕಣ್ಣು ದೊರೆಯ ಮೇಲಿದೆ. ನಾಲ್ಕು ಶತಮಾನಗಳಿಂದ ನಮ್ಮ ಕಣ್ಣೂ ಅಲ್ಲೇ ಇದೆ.

ಈ ಕಾಯಿಲೆಗೆ ನಮ್ಮ ವೈದ್ಯರು ಕನ್ನಡದಲ್ಲಿ ‘ಗೀಳು ಮನೋರೋಗ’ ಎಂಬ ಹೆಸರು ಕೊಟ್ಟಿದ್ದಾರೆ. ಭಾಷೆಯ ಮೇಷ್ಟರಾಗಿ ಒಂದು ಮಾತು ಹೇಳಬೇಕು: ಈ ಹೆಸರು ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಪುಸ್ತಕದ ಗೀಳು, ಸಿನಿಮಾದ ಗೀಳು, ಇಸ್ಪೀಟಿನ ಗೀಳು ಎನ್ನುತ್ತೇವೆ. ಗೀಳಿನಲ್ಲಿ ಒಂದು ಸುಖವಿದೆ. ಗೀಳು ಹಿಡಿದವನು ಬಿಡಲೊಲ್ಲ. ಅಕ್ಕ ಬಿಡಬೇಕೆಂದು ಹಂಬಲಿಸಿ ಅತ್ತವಳು. ಮನಸ್ಸಿಗೆ ಕರೆಯದೆ ಬರುವ ಆಲೋಚನೆ ಒಂದು, ಅದರ ಸಂಕಟವನ್ನು ತಣಿಸಲು ಮಾಡಿಯೇ ತೀರಬೇಕಾದ ಕ್ರಿಯೆ ಇನ್ನೊಂದು. ತೊಳೆಯುವುದು, ಎಣಿಸುವುದು, ಬೀಗ ಎಳೆದು ನೋಡುವುದು, ಸಾಲಾಗಿ ಜೋಡಿಸುವುದು, ಕೇಳಿದ್ದನ್ನೇ ಕೇಳುವುದು. ಈ ಎರಡನ್ನೂ ಹಿಡಿಯುವ ಕನ್ನಡ ಮಾತು ಇನ್ನೂ ಹುಟ್ಟಬೇಕು. ಅಲ್ಲಿಯವರೆಗೆ ‘ಗೀಳು’ ಎಂದೇ ನಡೆಸಬೇಕಾಗಿದೆ.

ಗೀಳಿನ ಸಂಕಟವನ್ನು ಒಳಗಿನಿಂದ ಬಲ್ಲ ಒಬ್ಬ ದೊಡ್ಡ ವಿಮರ್ಶಕನಿದ್ದ. ಅವನು ಮ್ಯಾಕ್‌ಬೆತ್ ನಾಟಕದ ಮೇಲೆ 1745ರಲ್ಲೇ ಒಂದು ಪುಸ್ತಿಕೆ ಬರೆದು, 1765ರಲ್ಲಿ ಷೇಕ್ಸ್‌ಪಿಯರನ ನಾಟಕಗಳನ್ನೆಲ್ಲ ಸಂಪಾದಿಸಿ ಹೊರತಂದ ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನ್. ಇಂಗ್ಲಿಷಿನ ಮಹಾನಿಘಂಟಿನ ಕರ್ತೃವೆಂದು ನಮ್ಮ ವಾಚಕರು ಬಲ್ಲರು. ಬೀದಿಯಲ್ಲಿ ನಡೆಯುವಾಗ ಅವನು ಒಂದೊಂದು ಕಂಬವನ್ನೂ ಕೈಯಿಂದ ಮುಟ್ಟಿ ಹೋಗುತ್ತಿದ್ದ; ಒಂದು ತಪ್ಪಿದರೆ ಹಿಂದಕ್ಕೆ ಬಂದು ಮುಟ್ಟಿ ಮುಂದೆ ಹೋಗುತ್ತಿದ್ದ. ಬಾಗಿಲು ದಾಟುವಾಗ ಇಂತಿಷ್ಟೇ ಹೆಜ್ಜೆ, ಇಂಥ ಕಾಲೇ ಮೊದಲು. ಲೆಕ್ಕ ತಪ್ಪಿದರೆ ಹಿಂದಿರುಗಿ ಹೊಸದಾಗಿ ಆರಂಭ. ಸರ್ ಜಾಷುವಾ ರೆನಾಲ್ಡ್ಸ್ ಎಂಬ ಚಿತ್ರಕಾರನ ತಂಗಿ ಬರೆದಿಟ್ಟಿರುವ ಪ್ರಕಾರ, ಕುರುಡಿಯಾದ ವಿಲಿಯಮ್ಸ್ ಎಂಬಾಕೆಯ ಕೈ ಹಿಡಿದು ಕರೆತರುತ್ತಿದ್ದ ಜಾನ್ಸನ್ ಹೊಸ್ತಿಲ ಬಳಿಗೆ ಬಂದೊಡನೆ ಆಕೆಯ ಕೈಬಿಟ್ಟೋ, ಆಕೆಯನ್ನೂ ತನ್ನೊಡನೆ ಗಿರ್ರನೆ ತಿರುಗಿಸಿಯೋ, ಆಮೇಲೆ ಒಳಕ್ಕೆ ನೆಗೆಯುತ್ತಿದ್ದ. ಪಾಪ, ಆ ಕುರುಡಿಯ ಗತಿ!

ಇವನ ಜೀವನಚರಿತ್ರೆಯನ್ನು 1791ರಲ್ಲಿ ಪ್ರಕಟಿಸಿದ ಬಾಸ್ವೆಲ್ ಈ ಹೆಜ್ಜೆಲೆಕ್ಕವನ್ನು ಬಹು ಸೂಕ್ಷ್ಮವಾಗಿ ಗಮನಿಸಿದ್ದಾನೆ. ಗಮನಿಸಿ, ಇದು ಎಳೆತನದಲ್ಲಿ ಬಂದ ಮೂಢನಂಬಿಕೆಯಿರಬೇಕು, ಜಾನ್ಸನ್ ತನ್ನ ವಿವೇಕವನ್ನು ಕರೆದು ಇದರಿಂದ ಬಿಡಿಸಿಕೊಳ್ಳುವ ಗೋಜಿಗೆ ಹೋಗಲಿಲ್ಲ ಎನ್ನುತ್ತಾನೆ. ಎಂಥ ಜೀವನಚರಿತ್ರೆಕಾರ, ಎಂಥ ತಪ್ಪು! ಆ ಶತಮಾನದ ಇಂಗ್ಲೆಂಡಿನಲ್ಲೇ ವಿವೇಕಕ್ಕೆ ಹೆಸರಾದವನು ಜಾನ್ಸನ್. ವಿವೇಕ ಕರೆದರೆ ಬರುವಂತಿದ್ದರೆ ಅವನಿಗೆ ಬಾರದೆ ಇನ್ನಾರಿಗೆ ಬಂದೀತು? ನಾವೆಲ್ಲ ಅಕ್ಕನಿಗೆ ಹೇಳುತ್ತಿದ್ದುದೂ ಬಾಸ್ವೆಲ್ಲನ ಮಾತೇ: “ಇಷ್ಟು ಓದಿದ್ದೀಯ, ಸ್ವಲ್ಪ ಯೋಚನೆ ಮಾಡು.” (ಸತ್ತು ಇನ್ನೂರ ನಲವತ್ತು ವರ್ಷವಾದವನಿಗೆ ರೋಗದ ಹೆಸರು ಹಚ್ಚುವುದು ತರವಲ್ಲವೆಂದು ಕೆಲವರು ಆಕ್ಷೇಪಿಸಬಹುದು. ವೈದ್ಯರಲ್ಲೇ ಹಲವರು ಅವನ ಮೈಸೆಳೆತಗಳನ್ನು ನೋಡಿ ‘ಟುರೆಟ್’ ಎಂಬ ಬೇರೆ ವ್ಯಾಧಿಯ ಹೆಸರು ಹೇಳುತ್ತಾರೆ. ಹೆಸರಿನ ವ್ಯಾಜ್ಯ ಅವರಿಗಿರಲಿ. ಲೆಕ್ಕ ತಪ್ಪಿದರೆ ಹಿಂದಿರುಗಿ ಬರುವ ಆ ಕಾಲುಗಳನ್ನು ನಾನು ನನ್ನ ಮನೆಯಲ್ಲಿ ಕಂಡಿದ್ದೇನೆ.)

ಈ ಜಾನ್ಸನ್ 1759ರಲ್ಲಿ, ತಾಯಿ ತೀರಿಕೊಂಡ ಸಮಯದಲ್ಲಿ, ಆಕೆಯ ಅಂತ್ಯಕ್ರಿಯೆಯ ವೆಚ್ಚಕ್ಕೆಂದು ಒಂದೇ ವಾರದ ಸಂಜೆಗಳಲ್ಲಿ ಬರೆದನೆನ್ನಲಾದ ಕಥೆ ‘ರಾಸೆಲಸ್’. ಅಬಿಸೀನಿಯದ ರಾಜಕುಮಾರನೊಬ್ಬ ಸುಖವನ್ನು ಹುಡುಕಿಕೊಂಡು ಲೋಕ ಸುತ್ತುವ ಕಥೆ. ನೀತಿಯ ಭಾರಕ್ಕೆ ಅಲ್ಲಲ್ಲಿ ಕುಸಿಯುತ್ತದೆ. ಪಾತ್ರಗಳೆಲ್ಲ ಜಾನ್ಸನ್ನನ ದನಿಯಲ್ಲೇ ಮಾತಾಡುತ್ತವೆ. ಇದನ್ನು ಕಾದಂಬರಿಯೆಂದು ಕರೆಯಲು ನನಗೆ ಸಂಕೋಚ. ಆದರೆ ಅದರ ಕೊನೆಯ ಭಾಗದಲ್ಲಿ ಕೈರೋ ನಗರದ ಖಗೋಳಶಾಸ್ತ್ರಜ್ಞನೊಬ್ಬ ಬರುತ್ತಾನೆ. ಆ ಕೆಲವು ಅಧ್ಯಾಯಗಳಿಗಾಗಿ ಉಳಿದುದೆಲ್ಲವನ್ನೂ ಕ್ಷಮಿಸಬಹುದು.

ನಲವತ್ತು ವರ್ಷ ನಕ್ಷತ್ರ ನೋಡಿದ ಈ ಪಂಡಿತ ಸಾಧು, ವಿದ್ವಾಂಸ, ಪರೋಪಕಾರಿ. ಅವನ ತಲೆಯಲ್ಲಿ ಮಾತ್ರ ಒಂದು ಆಲೋಚನೆ ಹೊಕ್ಕಿದೆ: ಐದು ವರ್ಷದಿಂದ ಮಳೆ ಬಿಸಿಲುಗಳ ಅಧಿಕಾರ ತನ್ನ ಕೈಯಲ್ಲಿದೆ. ಅದರಿಂದ ಅವನಿಗೆ ಗರ್ವವಿಲ್ಲ, ನಡುಕವಿದೆ. ಒಂದು ದೇಶಕ್ಕೆ ಮಳೆ ಕೊಟ್ಟರೆ ಇನ್ನೊಂದಕ್ಕೆ ಅನ್ಯಾಯವಾದೀತೇ? ತಾನು ಒಂದು ಗಳಿಗೆ ಮರೆತರೆ ಲೋಕದ ಗತಿಯೇನು? ಇದು ಭ್ರಮೆಯೆಂದೇ ಹೇಳಬೇಕು. ಅಕ್ಕನ ಕಾಯಿಲೆಗೂ ಇದಕ್ಕೂ ವೈದ್ಯರು ಗೆರೆ ಎಳೆಯುತ್ತಾರೆ. ಆದರೆ ‘ನಾನು ಸರಿಯಾಗಿ ಮಾಡದಿದ್ದರೆ ಯಾರಿಗೋ ಕೇಡಾದೀತು’ ಎಂಬ ಆ ಹೊಣೆಯ ಭಾರ ಎರಡಕ್ಕೂ ಸಮಾನ. ನಮ್ಮ ತಾಯಿಗೆ ಸೋಂಕು ತಗಲೀತೆಂಬ ಭಯದಿಂದ ಅಕ್ಕ ಕೈ ತೊಳೆಯುತ್ತಿದ್ದಳು, ತನಗಾಗಿ ಅಲ್ಲ.

ಈ ಪಂಡಿತನ ವಿಷಯವನ್ನು ಇಮ್ಲಾಕ್ ಎಂಬ ಹಿರಿಯ ಹೇಳಿದಾಗ ರಾಜಕುಮಾರಿ ಮುಗುಳ್ನಗುತ್ತಾಳೆ, ಅವಳ ಸಖಿ ಪೆಕುವಾ ಬಿದ್ದು ಬಿದ್ದು ನಗುತ್ತಾಳೆ. ಇಮ್ಲಾಕ್ ಗದರಿಸುತ್ತಾನೆ. ಆಮೇಲೆ ನಡೆಯುವುದು ವಿಶೇಷ. ಯಾರೂ ಪಂಡಿತನಿಗೆ ಉಪದೇಶ ಮಾಡುವುದಿಲ್ಲ, ಅವನ ತರ್ಕವನ್ನು ಖಂಡಿಸುವುದಿಲ್ಲ. ಅವನು ಹೇಳಿದ್ದನ್ನು ಒಪ್ಪುವುದೂ ಇಲ್ಲ. ಬಿದ್ದು ನಕ್ಕ ಆ ಪೆಕುವಾ ಅವನಲ್ಲಿಗೆ ಹೋಗಿ ಖಗೋಳಶಾಸ್ತ್ರದ ಪಾಠ ಹೇಳಿಸಿಕೊಳ್ಳತೊಡಗುತ್ತಾಳೆ. ದಿನವೂ ಮಾತುಕತೆ. ಪಂಡಿತನ ಹಗಲುಗಳು ಜನರಿಂದ ತುಂಬುತ್ತವೆ. ಮಳೆಯ ಅಧಿಕಾರ ಸ್ವಲ್ಪ ಸ್ವಲ್ಪವಾಗಿ ಮಸುಕಾಗುತ್ತದೆ. ರಾತ್ರಿ ಒಂಟಿಯಾದಾಗ ಮಾತ್ರ ಹಳೆಯ ಭಯ ಮರಳುತ್ತದೆ. ಅದನ್ನು ಹೇಳಿಕೊಂಡಾಗ ಇಮ್ಲಾಕ್ ಕೊಡುವ ಸಲಹೆ ನನ್ನನ್ನು ದಂಗುಬಡಿಸಿತು: ಆ ಭಯ ಬಂದಾಗ ಅದರೊಡನೆ ವಾದಕ್ಕೆ ಕೂರಬೇಡ, ಎದ್ದು ಕೆಲಸಕ್ಕೆ ಹೋಗು, ಇಲ್ಲವೇ ಪೆಕುವಾಳ ಬಳಿಗೆ ಹೋಗು. ಪಾಪಭೀತಿಯೊಡನೆ ಹೆಣೆದುಕೊಂಡ ಮನೋರೋಗವೇ ಎಲ್ಲಕ್ಕಿಂತ ಗುಣವಾಗಲು ಕಷ್ಟ, ಏಕೆಂದರೆ ರೋಗಿ ಅದನ್ನು ಓಡಿಸಲು ಹೆದರುತ್ತಾನೆ. ಕರ್ತವ್ಯವನ್ನೇ ಓಡಿಸಿದಂತಾದೀತೆಂಬ ಶಂಕೆ ಅವನಿಗೆ ಎಂದೂ ಅವನು ಹೇಳುತ್ತಾನೆ. ಜಾನ್ಸನ್ ಇದನ್ನು ಬರೆದದ್ದು ಮನಶ್ಶಾಸ್ತ್ರವೆಂಬ ಶಾಸ್ತ್ರ ಹುಟ್ಟುವುದಕ್ಕೆ ಮೊದಲು.

ಆ ಸಲಹೆ ಏಕೆ ದಂಗುಬಡಿಸಿತೆಂದರೆ, ‘ರಾಸೆಲಸ್’ ಓದುವ ವೇಳೆಗೆ ನಾನು ಅದನ್ನೇ ಬೇರೊಂದು ಬಾಯಿಂದ ಕೇಳಿದ್ದೆ. ಅಕ್ಕನನ್ನು ಕಡೆಗೂ ಬೆಂಗಳೂರಿನ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ನಮ್ಮ ಕಡೆಯ ಪದ್ಧತಿಯಂತೆ ಮನೆಯವರೊಬ್ಬರು ಜೊತೆಗಿರಬೇಕಾಗಿತ್ತು, ಬೇಸಗೆಯ ರಜೆಯಾದ್ದರಿಂದ ನಾನೇ ಇದ್ದೆ. ಮಾತ್ರೆಗಳನ್ನು ಕೊಟ್ಟರು, ಅವು ಹಿಡಿಯಲು ವಾರಗಟ್ಟಲೆ ಬೇಕೆಂದು ಮೊದಲೇ ಎಚ್ಚರಿಸಿದ್ದರು. ಅದರ ಜೊತೆಗೆ ಇನ್ನೊಂದು ಚಿಕಿತ್ಸೆ ನಡೆಯಿತು. ಭಯಪಡುವ ವಸ್ತುಗಳ ಒಂದು ಪಟ್ಟಿಯನ್ನು ಅಕ್ಕನ ಕೈಯಲ್ಲೇ ಬರೆಸಿದರು, ಸಣ್ಣ ಭಯ ಕೆಳಗೆ, ದೊಡ್ಡದು ಮೇಲೆ. ಕೆಳಗಿನ ಮೆಟ್ಟಿಲಿನಿಂದ ಆರಂಭಿಸಿ ಒಂದೊಂದನ್ನೇ ಮುಟ್ಟಬೇಕು. ಮುಟ್ಟಿದ ಮೇಲೆ ಕೈ ತೊಳೆಯಬಾರದು. ಮೊದಲು ಬಾಗಿಲ ಹಿಡಿ, ಆಮೇಲೆ ಮೆಟ್ಟಿಲ ಕಂಬಿ, ಆಮೇಲೆ ಚಪ್ಪಲಿ.

ಹೇಳಲು ಸುಲಭ. ಬಾಗಿಲ ಹಿಡಿ ಮುಟ್ಟಿದ ಅಕ್ಕ ಬೆವರಿ, ನಡುಗಿ, “ಒಂದೇ ಸಲ ತೊಳೀತೀನಿ ಸಿಸ್ಟರ್” ಎಂದು ಕೈಮುಗಿದಳು. ನಾನಾಗಿದ್ದರೆ ಬಕೆಟ್ಟು ತಂದಿಡುತ್ತಿದ್ದೆ. ಆ ಸಿಸ್ಟರ್ ಇಪ್ಪತ್ತೈದು ದಾಟಿರದ ಹುಡುಗಿ. ಕೈ ಹಿಡಿದು ಎಳೆಯಲಿಲ್ಲ, ನಲ್ಲಿಗೆ ಅಡ್ಡ ನಿಲ್ಲಲಿಲ್ಲ. ಪಕ್ಕದಲ್ಲಿ ಕುಳಿತು, “ತುಂಬಾ ಕಷ್ಟ ಆಗ್ತಿದೆ ಅಂತ ಗೊತ್ತು ಅಕ್ಕ. ನಾನು ಇಲ್ಲೇ ಇರ್ತೀನಿ, ಎಲ್ಲೂ ಹೋಗಲ್ಲ” ಎಂದಳು. “ಏನೂ ಆಗಲ್ಲ ಅಲ್ವಾ?” ಎಂದು ಅಕ್ಕ ಕೇಳಿದಾಗ ಅವಳು ಆಗುವುದಿಲ್ಲವೆನ್ನಲಿಲ್ಲ. “ಆ ಪ್ರಶ್ನೆಗೆ ಉತ್ತರ ಹೇಳೋದಿಲ್ಲ ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೀವಲ್ಲ” ಎಂದಳು. ಆಮೇಲೆ ಅಕ್ಕನ ಊರು, ಅಕ್ಕ ಮಾಡುವ ಮಾವಿನಕಾಯಿ ಚಿತ್ರಾನ್ನ, ತಾನು ಓದಿದ ಶಾಲೆ ಎಂದು ಏನೇನೋ ಮಾತು. ಮುಕ್ಕಾಲು ಗಂಟೆ ಹೋಯಿತು. ತೊಳೆಯದೆಯೇ ಅಕ್ಕನ ನಡುಕ ತಾನಾಗಿ ಇಳಿಯಿತು. ತೊಳೆಯದಿದ್ದರೂ ಭಯ ಇಳಿಯುತ್ತದೆಂಬುದು ಮೈಗೆ ತಿಳಿಯುವುದೇ ಈ ಚಿಕಿತ್ಸೆಯ ಗುಟ್ಟು. ಸಂಜೆ ಅದೇ ಹುಡುಗಿ ಅಕ್ಕನ ಬಿರಿದ ಬೆರಳಿಗೆ ಮುಲಾಮು ಹಚ್ಚಿದಳು.

ಹೊರಗೆ ಬಂದು ನನಗೆ ಹೇಳಿದಳು: “ಸಾರ್, ನೀವು ಇಲ್ಲ ಇಲ್ಲ ಅಂತ ಹೇಳ್ತಾ ಇರೋದೂ ಒಂಥರಾ ಕೈ ತೊಳೆಸಿದ ಹಾಗೇ.” ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಇದಕ್ಕೆ ಉತ್ತರ ತೋಚಲಿಲ್ಲ. ನಲ್ಲಿ ನಿಲ್ಲಿಸುತ್ತಿದ್ದ ನಮ್ಮ ತಾಯಿ, ಉತ್ತರ ಹೇಳುತ್ತಿದ್ದ ನಾನು, ಇಬ್ಬರೂ ಪ್ರೀತಿಯಿಂದಲೇ ಅವಳ ಕಾಯಿಲೆಗೆ ಊಟ ಬಡಿಸಿದ್ದೆವು.

ಈ ಚಿಕಿತ್ಸೆಯ ಇತಿಹಾಸದಲ್ಲಿ ದಾದಿಯರ ಪಾಲು ಎಷ್ಟೆಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞ ಇಬ್ಬರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದಾಗ ಈ ಮಾರ್ಗ ತೆರೆಯಿತು. ಹೆಸರು ಅವನದು; ಆದರೆ ರೋಗಿಯ ಜೊತೆಗಿದ್ದು ಕೈ ತೊಳೆಯದಂತೆ ನೋಡಿಕೊಂಡವರು ವಾರ್ಡಿನ ದಾದಿಯರು. ಆ ದಿನಗಳಲ್ಲಿ ನೀರನ್ನೇ ನಿಲ್ಲಿಸಿಬಿಡುವಷ್ಟು ಬಿಗಿ ಇತ್ತು. ಇಂದು ರೋಗಿಯ ಒಪ್ಪಿಗೆಯಿಲ್ಲದೆ ಯಾವ ಮೆಟ್ಟಿಲನ್ನೂ ಹತ್ತಿಸುವುದಿಲ್ಲ. 1970ರ ದಶಕದಲ್ಲಿ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ಐಸಾಕ್ ಮಾರ್ಕ್ಸ್ ದಾದಿಯರಿಗೇ ಈ ಚಿಕಿತ್ಸೆಯಲ್ಲಿ ತರಬೇತು ಕೊಟ್ಟು ಸ್ವತಂತ್ರವಾಗಿ ನಡೆಸಲು ಬಿಟ್ಟ. ಮ್ಯಾಕ್‌ಬೆತ್ತಿನ ವೈದ್ಯ ಕೈಚೆಲ್ಲಿ ಹೋದಮೇಲೆ ಆ ಪರಿಚಾರಿಕೆಗೆ ವಿದ್ಯೆ ಕಲಿಸಲು ಮೂರೂವರೆ ಶತಮಾನ ಬೇಕಾಯಿತು.

ಜಾನ್ಸನ್ನನ ಪೆಕುವಾ ಕಥೆಯ ಹೆಣ್ಣು. ಬದುಕಿನಲ್ಲಿ ಅವನಿಗೆ ಸಿಕ್ಕವಳು ಶ್ರೀಮತಿ ಹೆಸ್ಟರ್ ಥ್ರೇಲ್. 1766ರಲ್ಲಿ ಜಾನ್ಸನ್ ಕೋಣೆಯಿಂದ ಹೊರಬಾರದಷ್ಟು ಕುಸಿದು, ತನ್ನ ಬುದ್ಧಿಸ್ಥಿಮಿತವೇ ಹೋದೀತೆಂದು ಹಲುಬುತ್ತಿದ್ದಾಗ, ಈಕೆ ಮತ್ತು ಈಕೆಯ ಗಂಡ ಅವನನ್ನು ಸ್ಟ್ರೆಥಮ್ಮಿನ ತಮ್ಮ ಮನೆಗೆ ಕರೆದೊಯ್ದರು. ಕೆಲವು ತಿಂಗಳು ಅಲ್ಲೇ ಇಟ್ಟುಕೊಂಡರು. ಆಮೇಲೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಆ ಮನೆಯಲ್ಲಿ ಅವನಿಗೊಂದು ಕೋಣೆ ಇತ್ತು. ಅವನಿಗೆ ರಾತ್ರಿ ಮಲಗಲು ಭಯ. ಆಕೆ ಸರಿರಾತ್ರಿ ಮೀರುವವರೆಗೂ ಚಹಾ ಬಗ್ಗಿಸುತ್ತ ಎದುರಿಗೆ ಕುಳಿತಿರುತ್ತಿದ್ದಳು. ಮನಸ್ಸು ಕದಡಿದಾಗ ಅವನು ಗಣಿತಕ್ಕೆ ಕೂರುತ್ತಿದ್ದನೆಂದು ಬರೆದಿರುವವಳೂ ಆಕೆಯೇ. ಒಮ್ಮೆ ಇಂಗ್ಲೆಂಡಿನ ರಾಷ್ಟ್ರೀಯ ಸಾಲವನ್ನೆಲ್ಲ ಬೆಳ್ಳಿಯಾಗಿ ಮಾಡಿದರೆ ಭೂಗೋಳಕ್ಕೊಂದು ಪಟ್ಟಿ ಕಟ್ಟಬಹುದೆಂದು ಲೆಕ್ಕ ಹಾಕಿದನಂತೆ!

ಗಂಡ 1781ರಲ್ಲಿ ತೀರಿಕೊಂಡ, 1784ರಲ್ಲಿ ಆಕೆ ಪಿಯೋಜಿ ಎಂಬ ಸಂಗೀತಗಾರನನ್ನು ಮದುವೆಯಾದಳು, ಜಾನ್ಸನ್ ಕೆಂಡವಾದ, ಅದೇ ವರ್ಷ ಸತ್ತ. ಬಾಸ್ವೆಲ್ಲನ ಪಕ್ಷದವರು ಆಕೆಯನ್ನು ಕೃತಘ್ನೆಯೆಂದು ಇಂದಿಗೂ ಆಡಿಕೊಳ್ಳುತ್ತಾರೆ. ಅದಕ್ಕೆ ಆಧಾರವಾಗಿ ಆಕೆ 1786ರಲ್ಲಿ ಪ್ರಕಟಿಸಿದ ನೆನಪಿನ ಪುಸ್ತಕದ ಒಂದು ಒಪ್ಪಿಗೆಯನ್ನು ಎತ್ತಿ ತೋರಿಸುವುದುಂಟು: ಅವನೊಡನೆ ಹಾಗೆ ಕಟ್ಟಿಬಿದ್ದಿರುವುದು ಮೊದಮೊದಲು ತನಗೆ ದಿಗಿಲು ಹುಟ್ಟಿಸುತ್ತಿತ್ತು, ಕಡೆಕಡೆಗೆ ಸಾಕುಸಾಕೆನಿಸಿತು ಎಂದು. ಕೃತಘ್ನತೆಯೇ ಇದು? ರೋಗಿಯ ಮಗ್ಗುಲಲ್ಲಿ ಕುಳಿತವರು ಬರೆದ ಪುಸ್ತಕಗಳಲ್ಲಿ ನಾನು ಓದಿರುವ ಅತ್ಯಂತ ಪ್ರಾಮಾಣಿಕವಾದ ವಾಕ್ಯಗಳಲ್ಲಿ ಅದೊಂದು. ಬಾಸ್ವೆಲ್ ರಾತ್ರಿ ಮನೆಗೆ ಹೋಗುತ್ತಿದ್ದ. ಈಕೆಗೆ ಹೋಗಲು ಬೇರೆ ಮನೆಯಿರಲಿಲ್ಲ.

ಇನ್ನು ನಮ್ಮ ಸಾಹಿತ್ಯ. ಮಡಿಹೆಂಗಸನ್ನು ಕಂಡು ನಕ್ಕ ಪ್ರಬಂಧಗಳು, ನಾಟಕಗಳು ನಮ್ಮಲ್ಲಿ ಬೇಕಾದಷ್ಟಿವೆ. ಒದ್ದೆ ಸೀರೆ, ಚಿಟಿಕೆ ಗಂಜಲ, ಮುಟ್ಟಬೇಡ ಎಂಬ ಕೂಗು. ಇವಿಷ್ಟಿದ್ದರೆ ಸಭೆಯಲ್ಲಿ ಚಪ್ಪಾಳೆ. ಆಚಾರದ ಮಡಿಗೆ ಒಂದು ಮಿತಿಯಿದೆ: ಊಟವಾದರೆ ಮುಗಿಯಿತು. ರೋಗದ ಮಡಿಗೆ ಮುಗಿಯುವ ಹೊತ್ತಿಲ್ಲ. ನಮ್ಮ ಹಾಸ್ಯಕಾರರು ನಕ್ಕವರಲ್ಲಿ ಎಷ್ಟು ಮಂದಿ ಎರಡನೆಯ ಗುಂಪಿನವರೋ! ಪೆಕುವಾ ನಕ್ಕ ಮೇಲೆ ಪಾಠಕ್ಕೆ ಹೋದಳು. ನಾವು ನಕ್ಕು ಮನೆಗೆ ಹೋದೆವು.

ಅಪವಾದಗಳಿವೆ. ಡಾ. ಎಂ. ಶಿವರಾಂ, ನಮ್ಮ ‘ರಾಶಿ’, ‘ಕೊರವಂಜಿ’ಯಲ್ಲಿ ನಾಡನ್ನೆಲ್ಲ ನಗಿಸಿದ ವೈದ್ಯರೇ ‘ಮನಮಂಥನ’ವನ್ನು ಬರೆದರು, ಅದಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಕಥನದಲ್ಲಿ ತ್ರಿವೇಣಿಯವರ ‘ಶರಪಂಜರ’ ನಿಲ್ಲುತ್ತದೆ. ಅದರ ಕಾವೇರಿಯದು ಬೇರೆ ರೋಗ, ಬಾಣಂತಿತನದಲ್ಲಿ ಬಂದದ್ದು. ಆದರೆ ಆಸ್ಪತ್ರೆಯಲ್ಲಿ ಗುಣವಾಗಿ ಬಂದವಳನ್ನು ಮನೆ ಹೇಗೆ ನೋಡಿತು ಎಂಬುದೇ ಆ ಕಾದಂಬರಿಯ ತಿರುಳು. ಮ್ಯಾಕ್‌ಬೆತ್ತಿನ ವೈದ್ಯ ಪರಿಚಾರಿಕೆಗೆ ಹೇಳಿದ್ದು ಸದಾ ಕಣ್ಣಿಡು ಎಂದು. ಕಾವೇರಿಯ ಮನೆಯವರೂ ನೆರೆಯವರೂ ಅವಳ ಮೇಲೆ ಸದಾ ಕಣ್ಣಿಟ್ಟರು. ಒಂದು ಕಣ್ಣು ಕಾಯುತ್ತದೆ, ಇನ್ನೊಂದು ಇರಿಯುತ್ತದೆ. 1971ರ ಚಿತ್ರದಲ್ಲಿ ಕಲ್ಪನಾ ಅವರ ಅಭಿನಯವನ್ನು ಮೆಚ್ಚಿದ ನಮ್ಮ ಪ್ರೇಕ್ಷಕರು ಈ ಭೇದವನ್ನು ಎಷ್ಟುಮಟ್ಟಿಗೆ ಕಂಡರೋ ಹೇಳಲಾರೆ. ತ್ರಿವೇಣಿ ರೋಗಿಯ ಕಡೆಯಿಂದ ಬರೆದರು. ಪಕ್ಕದಲ್ಲಿ ಕುಳಿತವರ ಕಡೆಯಿಂದ, ಅವರ ದಿಗಿಲು ಬೇಸರಗಳನ್ನು ಮುಚ್ಚಿಡದೆ ಬರೆದ ಕಾದಂಬರಿ ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ನಮ್ಮ ಮನೆಮನೆಗಳಲ್ಲಿ ಆ ಅನುಭವಕ್ಕೆ ಬರವಿಲ್ಲ. ನಮ್ಮ ದಾದಿಯರಲ್ಲಿ ಕನ್ನಡ ಬಲ್ಲವರಿಗೂ ಬರವಿಲ್ಲ.

ಅಕ್ಕ ಪೂರ್ತಿ ಗುಣವಾಗಿದ್ದಾಳೆಂದು ಹೇಳಿದರೆ ಸುಳ್ಳಾಗುತ್ತದೆ. ಒಂದೂವರೆ ಗಂಟೆ ಹತ್ತು ನಿಮಿಷಕ್ಕೆ ಇಳಿದಿದೆ. ಮನೆಯಲ್ಲಿ ಮದುವೆ ಮುಂಜಿಗಳ ಗಡಿಬಿಡಿಯಿದ್ದರೆ ಇಪ್ಪತ್ತಕ್ಕೆ ಏರುತ್ತದೆ. ನಲ್ಲಿಯನ್ನು ಅವಳೇ ನಿಲ್ಲಿಸುತ್ತಾಳೆ. ಕಳೆದ ಬೇಸಗೆಯಲ್ಲಿ, ಈ ಲೇಖನಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾಗ, ಹಜಾರದಲ್ಲಿ ಹುರುಳಿಕಾಯಿ ಸೋಸುತ್ತ ಕುಳಿತಿದ್ದ ಅವಳಿಗೆ ಪಂಡಿತನ ಕಥೆಯನ್ನು ಹೇಳಿದೆ. ಮಳೆಯ ಭಾಗಕ್ಕೆ ನಗಲಿಲ್ಲ. ಎಲ್ಲ ಕೇಳಿ, “ಆ ಹುಡುಗಿಗೆ, ಪೆಕುವಾಗೆ, ಬೇಸರ ಬರಲಿಲ್ಲವೇನೋ?” ಎಂದಳು.

ಜಾನ್ಸನ್ ಅದನ್ನು ಬರೆದಿಲ್ಲವೆಂದೆ. ಶ್ರೀಮತಿ ಥ್ರೇಲ್ ಬರೆದದ್ದನ್ನು ಹೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನಗೆ ಬಂದಿತ್ತೇ?” ಎಂದು ಕೇಳಿದಳು. ಇದು ಕಾಯಿಲೆ ಕೇಳಿಸಿದ ಪ್ರಶ್ನೆಯೋ ಅಕ್ಕ ಕೇಳಿದ ಪ್ರಶ್ನೆಯೋ ಎಂದು ಒಂದು ಗಳಿಗೆ ಅನುಮಾನಿಸಿದೆ. ಅಕ್ಕನದೇ ಎಂದು ತೋರಿತು.

“ಬಂದಿತ್ತಕ್ಕ” ಎಂದೆ.

“ನನಗೂ” ಎಂದು ಅವಳು ಹುರುಳಿಕಾಯಿಯ ಬುಟ್ಟಿಯನ್ನು ನನ್ನ ಕಡೆಗೆ ತಳ್ಳಿದಳು.